ಚಿತ್ರ ಆರಿಸುವ ಮೊದಲು ದೂರ ಅಳೆಯಿರಿ

ಗೋಡೆಗೊಂದು ಪ್ರಿಂಟ್ ತರಿಸುವವರು ಹೆಚ್ಚಾಗಿ ಚಿತ್ರದಿಂದಲೇ ಶುರು ಮಾಡುತ್ತಾರೆ. ಫೋನಿನಲ್ಲಿ ಕಂಡದ್ದು ಹಿಡಿಸುತ್ತದೆ, ಅಳತೆಗಳ ಪಟ್ಟಿಯಲ್ಲಿ ನಡುವಿನದೊಂದನ್ನು ಒತ್ತಿ ಹಣ ಕಟ್ಟಿಬಿಡುತ್ತಾರೆ. ಅದು ಮನೆಗೆ ಬಂದು ಗೋಡೆ ಏರಿದ ಮೇಲೆ ಏನೋ ಸರಿಯಿಲ್ಲ ಅನ್ನಿಸತೊಡಗುತ್ತದೆ. ಚಿತ್ರ ಅದೇ, ಬಣ್ಣವೂ ಹೆಚ್ಚುಕಡಿಮೆ ಅದೇ. ಆದರೆ ಮುಖದಿಂದ ಒಂದೂವರೆ ಗೇಣು ದೂರದಲ್ಲಿ ಹಿಡಿದು ನೋಡಿದ್ದನ್ನು ಈಗ ಕೋಣೆಯ ಆಚೆ ತುದಿಯಿಂದ ನೋಡಬೇಕಾಗಿದೆ. ಅಲ್ಲಿ ಕಣ್ಣು ಸೆಳೆದಿದ್ದ ಸಣ್ಣ ಗೆರೆಗಳು ಇಲ್ಲಿ ಕಾಣುವುದೇ ಇಲ್ಲ.

ಯಾರಿಗೆ ಯಾವ ಚಿತ್ರ ಇಷ್ಟವಾಗಬೇಕು ಎಂದು ಹೇಳಲು ಯಾರಿಗೂ ಹಕ್ಕಿಲ್ಲ. ಆದರೆ ನಿರಾಸೆ ತಂದ ಪ್ರಿಂಟುಗಳ ಜಾತಕ ಬಿಡಿಸಿ ನೋಡಿದರೆ ದೋಷ ಅಭಿರುಚಿಯಲ್ಲಿ ಸಿಗುವುದು ಅಪರೂಪ. ಅಳತೆಯಲ್ಲಿ ಸಿಗುತ್ತದೆ, ಬೆಳಕಿನಲ್ಲಿ ಸಿಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನೋಡುವ ದೂರದಲ್ಲಿ ಸಿಗುತ್ತದೆ. ಚಿತ್ರದ ಗಾತ್ರ, ಅದರ ಗೆರೆಯ ಗುಣ, ಫೈಲಿಗೆ ಬೇಕಾದ ಪಿಕ್ಸೆಲ್ಲುಗಳು, ಗಾಜಿನ ಬಗೆ, ತೂಗುಹಾಕುವ ಎತ್ತರ ಇವೆಲ್ಲ ಆ ಒಂದು ಅಳತೆಯನ್ನು ಹಿಡಿದುಕೊಂಡೇ ತೀರ್ಮಾನವಾಗುತ್ತವೆ. ಹಾಗಾಗಿ ಮೊದಲ ಕೆಲಸ ಟೇಪು ಹಿಡಿಯುವುದು.

ಅಳೆಯುವಾಗ ಒಂದು ತಮಾಷೆ ಗೊತ್ತಾಗುತ್ತದೆ. ಸೋಫಾದ ಹಿಂದಿನ ಗೋಡೆಯ ಚಿತ್ರವನ್ನು ಸೋಫಾದಲ್ಲಿ ಕೂತವರು ನೋಡುವುದೇ ಇಲ್ಲ. ಅದನ್ನು ನೋಡುವವರು ಎದುರಿನ ಕುರ್ಚಿಯಲ್ಲಿರುವವರು, ಬಾಗಿಲಿನಿಂದ ಒಳಗೆ ಬರುವವರು. ಮಂಚದ ತಲೆದಿಸೆಯ ಚಿತ್ರದ ಕಥೆಯೂ ಇದೇ. ಮಲಗಿದವರ ಕಣ್ಣಿಗೆ ಬೀಳುವುದು ಕಾಲದಿಸೆಯ ಗೋಡೆ. ಆದ್ದರಿಂದ ಗೋಡೆಯ ಮುಂದೆ ನಿಂತು ಅಳೆಯಬೇಡಿ. ಆ ಗೋಡೆ ಯಾವ ಜಾಗದಿಂದ ದಿನವೂ ಕಣ್ಣಿಗೆ ಬೀಳುತ್ತದೋ ಅಲ್ಲಿ ಕೂತು, ಅಲ್ಲಿಂದ ಗೋಡೆಯವರೆಗಿನ ದೂರ ಬರೆದುಕೊಳ್ಳಿ. ನಡುಮನೆಯಲ್ಲಿ ಅದು 3 ಮೀಟರ್ ಆಸುಪಾಸು ಬರಬಹುದು. ಬರೆಯುವ ಮೇಜಿನ ಮುಂದೆ 70 ಸೆಂ.ಮೀ. ಮನೆಯೊಳಗಿನ ಓಣಿಯಂಥ ಕಿರಿದಾದ ಹಾದಿಯಲ್ಲಿ ಎಷ್ಟೇ ಹಿಂದೆ ಸರಿದರೂ ಒಂದು ಮೀಟರ್ ದಾಟುವುದಿಲ್ಲ.

ಈ ಸಂಖ್ಯೆ ಕೈಯಲ್ಲಿದ್ದರೆ ಚಿತ್ರಗಳು ತಾವಾಗಿಯೇ ವಿಂಗಡಣೆಯಾಗುತ್ತವೆ. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1514ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ 'ಮೆಲೆನ್‌ಕೋಲಿಯಾ' ಸುಮಾರು 24 × 18.5 ಸೆಂ.ಮೀ. ಮಾತ್ರ. ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆದು ನೆರಳು ತಂದಿರುವ ಚಿತ್ರವದು. ಕೈಯಲ್ಲಿ ಹಿಡಿದು ನೋಡಲೆಂದೇ ಮಾಡಿದ್ದು. ಜಪಾನಿನ ಕಲಾವಿದ ಹೊಕುಸಾಯ್‌ನ ಪ್ರಸಿದ್ಧ 'ಮಹಾ ಅಲೆ' 1831ರ ಸುಮಾರಿನದು, ಮರದಚ್ಚು, ಅಳತೆ ಹೆಚ್ಚುಕಡಿಮೆ 26 × 38 ಸೆಂ.ಮೀ. ಇದನ್ನು ಒಂದೂವರೆ ಮೀಟರ್ ಅಗಲಕ್ಕೆ ಹಿಗ್ಗಿಸಿ ಮಾರುವುದುಂಟು. ಹಿಗ್ಗಿದಾಗ ಅಲೆಯ ನೊರೆಯ ಗೆರೆ ಸುಮಾರು ನಾಲ್ಕು ಪಟ್ಟು ದಪ್ಪವಾಗುತ್ತದೆ, ಕಾಗದದ ನಾರು ಮತ್ತು ಮರದ ಎಳೆಯ ಗುರುತು ಬಣ್ಣದ ಜೊತೆ ಹಿಗ್ಗಿ ಗಲೀಜಿನ ಹಾಗೆ ಕಾಣುತ್ತವೆ. ತದ್ವಿರುದ್ಧದ ತಪ್ಪು ಫ್ರೆಂಚ್ ಚಿತ್ರಕಾರ ಮೋನೆಯ ನೈದಿಲೆಗಳಿಗೆ ಆಗುತ್ತದೆ. ಪ್ಯಾರಿಸ್ಸಿನ ಒರಾಂಜರಿ ಮ್ಯೂಸಿಯಂನಲ್ಲಿರುವ ಆ ಚಿತ್ರಗಳ ಎತ್ತರವೇ 2 ಮೀಟರ್. ಉದ್ದ ಅದಕ್ಕೂ ಎಷ್ಟೋ ಹೆಚ್ಚು. ನೋಡುವವರು ನೀರಿನ ಮಧ್ಯೆ ನಿಂತಂತಿರಬೇಕೆಂಬುದು ಅದರ ಲೆಕ್ಕ. ಅದನ್ನು 40 ಸೆಂ.ಮೀ.ಗೆ ಕುಗ್ಗಿಸಿದರೆ ಕುಂಚದ ಓಟವೆಲ್ಲ ಕಲಸಿ ನೀಲಿ-ಹಸಿರಿನ ಒಂದು ಮಂಕು ಪಟ್ಟಿ ಉಳಿಯುತ್ತದೆ.

ಆದ್ದರಿಂದ ಹಳೆಯ ಕೃತಿಯ ಪ್ರತಿ ಕೊಳ್ಳುವಾಗ ಮೂಲದ ಅಳತೆ ಹುಡುಕಿ ನೋಡುವುದು ಒಳ್ಳೆಯ ಅಭ್ಯಾಸ. ಮೂಲಕ್ಕಿಂತ ಕಾಲುಭಾಗ ಹೆಚ್ಚು, ಕಾಲುಭಾಗ ಕಡಿಮೆ ಇದ್ದರೆ ಚಿತ್ರ ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಆಚೆಗೆ ಹೋದರೆ ನೀವು ಬೇರೆಯದೇ ಚಿತ್ರ ನೋಡುತ್ತಿರುತ್ತೀರಿ. ಲೋಹದ ತಗಡಿನಿಂದ ಅಚ್ಚೊತ್ತಿದ ಸೂಕ್ಷ್ಮ ಗೆರೆಯ ಎಚ್ಚಿಂಗ್, ಎನ್‌ಗ್ರೇವಿಂಗ್, ಸಸ್ಯಗಳ ವೈಜ್ಞಾನಿಕ ಚಿತ್ರ, ಹಳೆಯ ನಕಾಶೆ ಇವೆಲ್ಲ ಒಂದು ಮೀಟರಿನ ಒಳಗಿನ ಜಾಗಕ್ಕೆ ಸೇರಿದವು. ಓಣಿ, ಮೆಟ್ಟಿಲ ತಿರುವು, ಓದುವ ಮೂಲೆ ಇವಕ್ಕೆ ಹೇಳಿ ಮಾಡಿಸಿದ ಜಾಗಗಳು. ಜಾಲರಿಯ ಮೂಲಕ ಶಾಯಿ ಒತ್ತಿದ ಸ್ಕ್ರೀನ್ ಪ್ರಿಂಟು, ಲಿನೋಲಿಯಂ ಕೊರೆದು ಅಚ್ಚೊತ್ತಿದ ಲಿನೋಕಟ್, ದೊಡ್ಡ ಆಕಾರಗಳ ಅಮೂರ್ತ ಚಿತ್ರ, ಒಂದೇ ಒಂದು ಮುಖ ಅಥವಾ ಮರ ಇರುವ ಚಿತ್ರ 3 ಮೀಟರ್ ಆಚೆಯಿಂದಲೂ ತಮ್ಮ ಮಾತನ್ನು ಕೇಳಿಸುತ್ತವೆ. ಜನ ಮಾಡುವುದು ಇದರ ಉಲ್ಟಾ: ಓಣಿಗೆ ದೊಡ್ಡ ಪೋಸ್ಟರು, ನಡುಮನೆಗೆ ಹನ್ನೆರಡು ಸಣ್ಣ ಎಚ್ಚಿಂಗು.

ಗಾತ್ರಕ್ಕೆ ಎರಡು ಲೆಕ್ಕ ಸಾಕು. ಒಂದು, ಚಿತ್ರದ ಮೂಲೆಯಿಂದ ಮೂಲೆಗಿನ ಉದ್ದದ ಒಂದೂವರೆ ಪಟ್ಟು ದೂರದಿಂದ ಅದು ಆರಾಮಾಗಿ ಕಾಣುತ್ತದೆ. 50 × 70 ಸೆಂ.ಮೀ. ಚಿತ್ರದ ಕರ್ಣ 86 ಸೆಂ.ಮೀ., ಅಂದರೆ ಅದಕ್ಕೆ ಸುಮಾರು 1.3 ಮೀಟರ್ ದೂರ. ಅದನ್ನೇ 3 ಮೀಟರಿನಿಂದ ನೋಡುವುದಾದರೆ ಒಂಟಿಯಾಗಿ ತೂಗುಹಾಕಿದಾಗ ಸಣ್ಣದಾಗುತ್ತದೆ. ಎರಡನೆಯದು ಕೆಳಗಿನ ಪೀಠೋಪಕರಣದ ಅಗಲ. ಸೋಫಾ, ಮಂಚ, ಉದ್ದದ ಕಪಾಟು ಯಾವುದೇ ಇರಲಿ, ಮೇಲಿನ ಚಿತ್ರ ಅಥವಾ ಚಿತ್ರಗಳ ಗುಂಪು ಅದರ ಅಗಲದ ಮೂರರಲ್ಲಿ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಹರಡಬೇಕು. 210 ಸೆಂ.ಮೀ. ಸೋಫಾಕ್ಕೆ 140ರಿಂದ 157 ಸೆಂ.ಮೀ. 50 × 70ರ ಎರಡು ಚಿತ್ರಗಳನ್ನು ನಿಲುವಾಗಿ ಇಟ್ಟು, ಸುತ್ತ 6 ಸೆಂ.ಮೀ. ಮೌಂಟ್ (ಚಿತ್ರಕ್ಕೂ ಫ್ರೇಮಿಗೂ ನಡುವೆ ಬರುವ, ಕಿಟಕಿಯಂತೆ ಕತ್ತರಿಸಿದ ರಟ್ಟು) ಮತ್ತು 2 ಸೆಂ.ಮೀ. ಫ್ರೇಮ್ ಹಾಕಿಸಿದರೆ ಒಂದೊಂದೂ 66 ಸೆಂ.ಮೀ. ಅಗಲವಾಗುತ್ತದೆ, ನಡುವೆ 6 ಸೆಂ.ಮೀ. ಬಿಟ್ಟರೆ ಒಟ್ಟು 138. ಹೆಚ್ಚುಕಡಿಮೆ ಕೂತಿತು. ಅದೇ ಜಾಗದಲ್ಲಿ 30 × 40ರ ಒಂದೇ ಚಿತ್ರ ತೂಗಿಸಿದರೆ ಅಗಲ ಹಣೆಗೆ ಸಾಸಿವೆಕಾಳಿನಷ್ಟು ಬೊಟ್ಟು ಇಟ್ಟ ಹಾಗಿರುತ್ತದೆ.

ಲೆಕ್ಕದ ಮೇಲೆ ನಂಬಿಕೆ ಬಾರದಿದ್ದರೆ ಹಳೆಯ ಪತ್ರಿಕೆಗಳನ್ನು ಅಂಟಿಸಿ ಫ್ರೇಮಿನ ಹೊರ ಅಳತೆಗೆ ಕತ್ತರಿಸಿ, ಗೋಡೆಗೆ ಸುಲಭವಾಗಿ ಬಿಡಿಸಬಲ್ಲ ಟೇಪಿನಿಂದ ಹಚ್ಚಿ ಮೂರ್ನಾಲ್ಕು ದಿನ ಬಿಡಿ. ಚಿತ್ರದ ಅಳತೆಗಲ್ಲ, ಫ್ರೇಮಿನ ಹೊರ ಅಳತೆಗೆ. ಮೌಂಟ್ ಸೇರಿದಾಗ ಎಷ್ಟು ದೊಡ್ಡದಾಗುತ್ತದೆಂದು ಎಲ್ಲರೂ ಕಡಿಮೆಯೇ ಅಂದಾಜು ಮಾಡುತ್ತಾರೆ. ಬಾಗಿಲು ತೆರೆದಾಗ ತಗಲುತ್ತದೆಯೇ, ಸ್ವಿಚ್ ಬೋರ್ಡು ಮುಚ್ಚುತ್ತದೆಯೇ, ಸಂಜೆ ಕಿಟಕಿಯ ಬಿಸಿಲು ನೇರ ಅದರ ಮೇಲೇ ಬೀಳುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಬಣ್ಣದ ವಿಷಯದಲ್ಲಿ ನನ್ನದೊಂದು ತಕರಾರಿದೆ. ದಿಂಬಿನ ಬಣ್ಣಕ್ಕೆ ಹೊಂದುವ ಚಿತ್ರ ಹುಡುಕುವುದು ಬೇಡ. ದಿಂಬಿನ ಕವರು ಎರಡು ವರ್ಷಕ್ಕೆ ಬದಲಾಗುತ್ತದೆ. ಬಣ್ಣಕ್ಕಿಂತ ಮುಖ್ಯ ತಿಳಿ-ಗಾಢದ ವ್ಯತ್ಯಾಸ. ಗೋಡೆಯ ಫೋಟೋ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ. ಚಿತ್ರವನ್ನೂ ಹಾಗೇ ಮಾಡಿ, ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಬೂದು ಆದರೆ ಎಷ್ಟೇ ಸುಂದರ ಬಣ್ಣವಿದ್ದರೂ ಆ ಚಿತ್ರ 3 ಮೀಟರ್ ದೂರದಲ್ಲಿ ಗೋಡೆಯೊಳಗೆ ಕರಗಿಹೋಗುತ್ತದೆ. ಕುಗ್ಗಿಸಿದಾಗಲೂ ಎರಡು ಮೂರು ಸ್ಪಷ್ಟ ಆಕಾರಗಳು ಉಳಿದರೆ ಅದು ದೂರದ ಗೋಡೆಗೆ ಆಗುವ ಚಿತ್ರ.

ಇನ್ನು ಕೊಳ್ಳುತ್ತಿರುವುದು ಏನು ಎಂಬ ಪ್ರಶ್ನೆ. 'ಪ್ರಿಂಟ್' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆಬೇರೆ ವಸ್ತುಗಳು ಮಾರಾಟವಾಗುತ್ತವೆ. ಕಲಾವಿದರು ಮರ, ಲಿನೋಲಿಯಂ, ತಾಮ್ರದ ತಗಡು, ಕಲ್ಲು ಅಥವಾ ಜಾಲರಿಯ ಮೇಲೆ ಅಚ್ಚು ಮಾಡಿ ಅದರಿಂದ ತೆಗೆದ ಪ್ರತಿಗಳು ಒಂದು ಬಗೆ. ಅಲ್ಲಿ ಪ್ರತಿಯೊಂದು ಹಾಳೆಯೂ ಮೂಲ ಕೃತಿಯೇ. ಬೇರೆ ಮಾಧ್ಯಮದಲ್ಲಿ ಮಾಡಿದ ಚಿತ್ರದ ಫೋಟೋ ತೆಗೆದು ಆಫ್‌ಸೆಟ್‌ನಲ್ಲೋ ಇಂಕ್‌ಜೆಟ್‌ನಲ್ಲೋ ಮುದ್ರಿಸಿದ್ದು ಇನ್ನೊಂದು ಬಗೆ, ನಕಲು ಪ್ರತಿ. ಎರಡರಲ್ಲೂ ತಪ್ಪೇನಿಲ್ಲ. ಎರಡನೆಯದನ್ನು ಮೊದಲನೆಯದರ ಬೆಲೆಗೆ ಮಾರುವುದು ಮಾತ್ರ ತಪ್ಪು.

ಹತ್ತು ಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ ಈ ವ್ಯತ್ಯಾಸವನ್ನು ಅರೆಕ್ಷಣದಲ್ಲಿ ತೋರಿಸುತ್ತದೆ. ಆಫ್‌ಸೆಟ್‌ನಲ್ಲಿ ನೀಲಿ, ಕೆನ್ನೇರಳೆಗೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲಾಗಿ, ಸಣ್ಣ ಹೂದಳಗಳ ವಿನ್ಯಾಸದಲ್ಲಿ ಕೂತಿರುತ್ತವೆ. ಇಂಕ್‌ಜೆಟ್‌ನಲ್ಲಿ ಸಾಲಿಲ್ಲ, ಎರಚಿದಂಥ ಅತಿ ಸಣ್ಣ ಚುಕ್ಕಿಗಳು. ಸ್ಕ್ರೀನ್ ಪ್ರಿಂಟಿನಲ್ಲಿ ಚುಕ್ಕಿಯೇ ಇಲ್ಲದ ಬಣ್ಣದ ಪದರ, ಓರೆ ಬೆಳಕಿನಲ್ಲಿ ಅದರ ಅಂಚು ತುಸು ಉಬ್ಬಿ ಕಾಣುತ್ತದೆ. ಮರದಚ್ಚಿನಲ್ಲಿ ಒತ್ತಡಕ್ಕೆ ಶಾಯಿ ಗೆರೆಯ ಅಂಚಿಗೆ ಸರಿದು ಅಲ್ಲಿ ಗಾಢವಾಗಿರುತ್ತದೆ. ಎಚ್ಚಿಂಗಿನ ಗುರುತು ಚಿತ್ರದ ಸುತ್ತ ತಗಡು ಒತ್ತಿದ ತಗ್ಗು. ಬೆರಳು ಆಡಿಸುವ ಅಗತ್ಯವೂ ಇಲ್ಲ, ಹಾಳೆಯನ್ನು ಓರೆ ಹಿಡಿದರೆ ನೆರಳು ಕಾಣುತ್ತದೆ. 1796ರ ಸುಮಾರಿಗೆ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು, ಅಂದರೆ ಲಿಥೋಗ್ರಾಫ್, ಎಣ್ಣೆ ಮತ್ತು ನೀರು ಬೆರೆಯದ ಗುಣದ ಮೇಲೆ ನಿಂತದ್ದು. ಅದರಲ್ಲಿ ಬಳಪ ತೀಡಿದಂಥ ಕ್ರಮವಿಲ್ಲದ ತರಿ ಇರುತ್ತದೆ. 1894ರಲ್ಲಿ ಶುರುವಾದ ರಾಜಾ ರವಿವರ್ಮರ ಮುದ್ರಣಾಲಯದ ಹಳೆಯ ಚಿತ್ರಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಮುಖದ ಮೈಬಣ್ಣದಲ್ಲಿ ಈ ತರಿ ಸಿಗುತ್ತದೆ. ಅವುಗಳ ಈಚಿನ ಮರುಮುದ್ರಣದಲ್ಲಿ ಸಿಗುವುದು ಆಫ್‌ಸೆಟ್ಟಿನ ಹೂದಳ. ಹಳೆಯದೆಂದು ಹೇಳಿ ಮಾರುವ ಹಾಳೆಯಲ್ಲಿ ಆ ಹೂದಳ ಕಂಡರೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ 12/50 ಎಂದಿದ್ದರೆ ಐವತ್ತು ಪ್ರತಿಗಳಲ್ಲಿ ಅದು ಹನ್ನೆರಡನೆಯದು. 'ಎ.ಪಿ.' ಎಂದಿದ್ದರೆ ಕಲಾವಿದರು ತಮಗೆಂದು ಇಟ್ಟುಕೊಂಡ ಪ್ರತಿ. ಇವು ಒಟ್ಟು ಸಂಖ್ಯೆಯ ಶೇ. 10ರಷ್ಟಿರುವುದು ರೂಢಿ. ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಬಹುತೇಕ ಆಧಾರವಿಲ್ಲ, ಏಕೆಂದರೆ ಹಾಳೆಗಳಿಗೆ ಸಂಖ್ಯೆ ಹಾಕುವುದು ಅಚ್ಚಾದ ಕ್ರಮದಲ್ಲೇ ಎಂದೇನಿಲ್ಲ. ಡ್ರೈಪಾಯಿಂಟ್ ಒಂದು ಅಪವಾದ. ಅಲ್ಲಿ ಸೂಜಿ ತಾಮ್ರವನ್ನು ಗೀರಿದಾಗ ಅಂಚಿನಲ್ಲಿ ಏಳುವ ಲೋಹದ ಸಿಬಿರು ಶಾಯಿ ಹಿಡಿದು ಮಖಮಲ್ಲಿನಂಥ ಮೃದು ಗೆರೆ ಕೊಡುತ್ತದೆ. ಪ್ರೆಸ್ಸಿನ ಒತ್ತಡಕ್ಕೆ ಆ ಸಿಬಿರು ಕೆಲವು ಹತ್ತು ಪ್ರತಿಗಳೊಳಗೆ ಮುರಿದುಹೋಗುತ್ತದೆ, ಗೆರೆ ಒಣಗುತ್ತದೆ. ಡಚ್ ಕಲಾವಿದ ರೆಂಬ್ರಾಂಟ್ ತೀರಿಕೊಂಡದ್ದು 1669ರಲ್ಲಿ. ಅವನ ತಗಡುಗಳಿಂದ 18ನೇ ಶತಮಾನದಲ್ಲೂ ಪ್ರತಿ ತೆಗೆದರು. ಅವನ ಕಾಲದ ಹಾಳೆಗೂ ಅವಕ್ಕೂ ಇರುವ ಅಂತರ ಬರಿಗಣ್ಣಿಗೇ ಕಾಣುವಂಥದ್ದು. ಇಂಕ್‌ಜೆಟ್ ಪ್ರತಿಗೆ ಹಾಕಿದ 12/50ಕ್ಕೆ ಇಂಥ ಯಾವ ಭೌತಿಕ ಕಾರಣವೂ ಇಲ್ಲ. ಫೈಲು ಸವೆಯುವುದಿಲ್ಲ. ಅಲ್ಲಿ ಆ ಸಂಖ್ಯೆ ಕಲಾವಿದರು ಕೊಟ್ಟ ಮಾತು ಅಷ್ಟೇ. ಅದೇ ಚಿತ್ರ ಬೇರೆ ಅಳತೆಯಲ್ಲಿ ಇನ್ನೊಂದು ಆವೃತ್ತಿಯಾಗಿ ಬಂದಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಇಂಕ್‌ಜೆಟ್ಟನ್ನು ಕೀಳು ಎನ್ನುವವರಿದ್ದಾರೆ, ಅದು ಸರಿಯಲ್ಲ. ಝೀಕ್ಲೇ ಎಂಬ ಭಾರೀ ಹೆಸರಿನಲ್ಲಿ ಬರುವುದೂ ಇದೇ ಇಂಕ್‌ಜೆಟ್. 1990ರ ದಶಕದ ಆರಂಭದ ಯಂತ್ರಗಳು ಬಳಸುತ್ತಿದ್ದ ಡೈ ಶಾಯಿ (ದ್ರವದಲ್ಲಿ ಕರಗಿದ ಬಣ್ಣ) ಬೇಗ ಮಾಸುತ್ತಿತ್ತು. ಈಗಿನ ಪಿಗ್ಮೆಂಟ್ ಶಾಯಿ (ಕರಗದ ಬಣ್ಣದ ಕಣಗಳದ್ದು), ಒಳ್ಳೆಯ ಹತ್ತಿ ಕಾಗದದ ಮೇಲೆ, ದಶಕಗಳ ಕಾಲ ನಿಲ್ಲುತ್ತದೆ. ಮಾರುವವರನ್ನು ನೇರವಾಗಿ ಕೇಳಿ: ಶಾಯಿ ಡೈಯೋ ಪಿಗ್ಮೆಂಟೋ, ಕಾಗದ ಮರದ ತಿರುಳಿನದೋ ಹತ್ತಿಯದೋ, ಆಮ್ಲರಹಿತವೋ, ಚದರ ಮೀಟರಿಗೆ ತೂಕ ಎಷ್ಟು. 200 ಗ್ರಾಂಗಿಂತ ತೆಳುವಾದ ಕಾಗದ ದೊಡ್ಡ ಅಳತೆಯಲ್ಲಿ ಫ್ರೇಮಿನೊಳಗೆ ಅಲೆಯೇಳುತ್ತದೆ. ಕಲಾಪ್ರತಿಗಳಿಗೆ 230ರಿಂದ 310 ಗ್ರಾಂ ಬಳಸುವುದು ವಾಡಿಕೆ. ಕಾಗದ ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದರೆ ಅದರಲ್ಲಿ ಹೊಳಪುಕಾರಕ ಸೇರಿಸಿರುವ ಸಾಧ್ಯತೆ ಹೆಚ್ಚು. ಕತ್ತಲಲ್ಲಿ ಅತಿನೇರಳೆ ಟಾರ್ಚು ಬಿಟ್ಟರೆ ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ. ಆ ರಾಸಾಯನಿಕ ಬೆಳಕಿಗೆ ಸೋತಂತೆ ಕಾಗದ ತನ್ನ ಸಹಜ ಹಳದಿಗೆ ಮರಳುತ್ತದೆ. ಕ್ಯಾನ್‌ವಾಸ್ ಮೇಲಿನ ಮುದ್ರಣಕ್ಕೆ ಗಾಜು ಬೇಡ, ಹಗುರ, ಎಂಬುದೇನೋ ನಿಜ. ಆದರೆ ನೇಯ್ಗೆಯ ಏರಿಳಿತ ಸಣ್ಣ ಗೆರೆಗಳನ್ನು ನುಂಗುತ್ತದೆ, ವಾರ್ನಿಷ್ ಇಲ್ಲದಿದ್ದರೆ ಮಡಚಿದ ಮೂಲೆಗಳಲ್ಲಿ ಬಣ್ಣ ಬಿರಿಯುತ್ತದೆ. ಗೆರೆಯ ಚಿತ್ರಕ್ಕೆ ಕ್ಯಾನ್‌ವಾಸ್ ಬೇಡವೇ ಬೇಡ.

ಅಳತೆ ಕೇಳುವಾಗ ಒಂದು ಎಚ್ಚರ. '50 × 70' ಎಂದರೆ ಹಾಳೆಯ ಅಳತೆಯೋ ಚಿತ್ರದ ಅಳತೆಯೋ? ಹಾಳೆ 50 × 70 ಇದ್ದು ಸುತ್ತ 5 ಸೆಂ.ಮೀ. ಬಿಳಿ ಅಂಚು ಬಿಟ್ಟಿದ್ದರೆ ಚಿತ್ರ 40 × 60 ಮಾತ್ರ. ಬಂದ ಮೇಲೆ ಜಗಳವಾಡುವುದಕ್ಕಿಂತ ಮೊದಲೇ ಎರಡೂ ಅಳತೆ ಬರಹದಲ್ಲಿ ಪಡೆಯುವುದು ಲೇಸು.

ಸ್ವಂತವಾಗಿ ಮುದ್ರಿಸಿಕೊಳ್ಳುವವರಿಗೆ ಈಗ ಒಳ್ಳೆಯ ಕಾಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಹಕ್ಕುಸ್ವಾಮ್ಯ ಮುಗಿದ ತನ್ನ ಕೃತಿಗಳ ಚಿತ್ರಗಳನ್ನು ಯಾವ ಕಟ್ಟಳೆಯೂ ಇಲ್ಲದೆ ಬಳಕೆಗೆ ಬಿಟ್ಟಿತು; ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲೂ ದೊಡ್ಡ ಫೈಲುಗಳು ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡ ಫೈಲಿನಲ್ಲಿ ನೋಡಬೇಕಾದದ್ದು ಪಿಕ್ಸೆಲ್ಲುಗಳ ಸಂಖ್ಯೆ. 50 × 70 ಸೆಂ.ಮೀ.ಗೆ ಇಂಚಿಗೆ 300ರಂತೆ ಬೇಕಾದರೆ ಸುಮಾರು 5900 × 8270 ಪಿಕ್ಸೆಲ್. 150ರಂತೆ ಸಾಕಾದರೆ 2950 × 4130. ಯಾವುದು ಸಾಕು ಎಂಬುದಕ್ಕೆ ಮತ್ತೆ ದೂರವನ್ನೇ ಕೇಳಬೇಕು. ಒಂದು ಮೀಟರಿನಿಂದ ಸಾಮಾನ್ಯ ಕಣ್ಣು ಇಂಚಿಗೆ 90ರ ಆಸುಪಾಸಿನ ಬಿಂದುಗಳಿಗಿಂತ ಹೆಚ್ಚನ್ನು ಬಿಡಿಸಿ ನೋಡಲಾರದು, ಅರ್ಧ ಮೀಟರಿನಿಂದ 175. ಹತ್ತಿರ ಹೋಗಿ ಇಣುಕುವವರೂ ಇರುವುದರಿಂದ ನಡುಮನೆಯ ದೊಡ್ಡ ಚಿತ್ರಕ್ಕೆ 150, ಓಣಿಯ ಗೆರೆಚಿತ್ರಕ್ಕೆ 300 ಇಟ್ಟುಕೊಂಡರೆ ತೊಂದರೆಯಿಲ್ಲ. 1080 ಪಿಕ್ಸೆಲ್ ಅಗಲದ, ಸಾಮಾಜಿಕ ಜಾಲತಾಣದಿಂದ ಎತ್ತಿಕೊಂಡ ಚಿತ್ರ 150ರ ಲೆಕ್ಕದಲ್ಲಿ 18 ಸೆಂ.ಮೀ.ಗೆ ಮುಗಿಯಿತು. ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದರೆ ಪಿಕ್ಸೆಲ್ ಹೆಚ್ಚುತ್ತದೆ, ಇಲ್ಲದ ವಿವರ ಹುಟ್ಟುವುದಿಲ್ಲ. ಪುಸ್ತಕದ ಪುಟ ಸ್ಕ್ಯಾನ್ ಮಾಡಿದ್ದಂತೂ ಬೇಡ. ಮೊದಲ ಮುದ್ರಣದ ಚುಕ್ಕಿಗಳು ಎರಡನೆಯದರ ಚುಕ್ಕಿಗಳ ಮೇಲೆ ಬಿದ್ದು ಆಕಾಶದಲ್ಲೆಲ್ಲ ಜಾಲರಿಯಂಥ ವಿನ್ಯಾಸ ಏಳುತ್ತದೆ.

ಮುಂದಿನ ಎಡವಟ್ಟು ಅನುಪಾತದ್ದು. ಸಿದ್ಧ ಫ್ರೇಮುಗಳು 30 × 40, 40 × 50, 50 × 70 ಹೀಗೆ ಬರುತ್ತವೆ. ಹಳೆಯ ಚಿತ್ರಕಾರರಿಗೆ ಈ ಅಳತೆಗಳ ಹಂಗಿರಲಿಲ್ಲ. ಫೈಲನ್ನು ಫ್ರೇಮಿಗೆ ತುಂಬಿಸಲು ಹೋಗಿ ಮುದ್ರಣದ ಅಂಗಡಿಯವರು ಬದಿಗಳನ್ನು ಕತ್ತರಿಸಿಬಿಡುತ್ತಾರೆ. ಕತ್ತರಿಸಬೇಡಿ, ವ್ಯತ್ಯಾಸವನ್ನು ಮೌಂಟಿಗೆ ಬಿಡಿ. ವರ್ಮೀರ್‌ನ 'ಮುತ್ತಿನೋಲೆಯ ಹುಡುಗಿ' 44.5 × 39 ಸೆಂ.ಮೀ. ಅದನ್ನು ಅದೇ ಅಳತೆಗೆ ಮುದ್ರಿಸಿ 50 × 60ರ ಫ್ರೇಮಿನಲ್ಲಿ ನಿಲುವಾಗಿ ಇಟ್ಟರೆ ಎಡಬಲಕ್ಕೆ ತಲಾ 5.5 ಸೆಂ.ಮೀ. ಉಳಿಯುತ್ತದೆ, ಮೇಲೆ ಕೆಳಗೆ ಸೇರಿ 15.5. ಮೇಲೆ 7, ಕೆಳಗೆ 8.5 ಬಿಡಿ. ಕೆಳಗೆ ತುಸು ಹೆಚ್ಚು ಬಿಡದಿದ್ದರೆ ಚಿತ್ರ ಕೆಳಗೆ ಜಾರಿದಂತೆ ಕಣ್ಣಿಗೆ ಭ್ರಮೆಯಾಗುತ್ತದೆ. ಹೊಕುಸಾಯ್‌ನ ಅಲೆ ಮೂಲ ಅಳತೆಯಲ್ಲೇ 40 × 50ರ ಅಡ್ಡ ಫ್ರೇಮಿಗೆ ಒಪ್ಪುತ್ತದೆ: ಬದಿಗೆ 6, ಮೇಲೆ 6.5, ಕೆಳಗೆ 7.5.

ಪರದೆ ತನ್ನ ಬೆಳಕನ್ನು ತಾನೇ ಚೆಲ್ಲುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಹಾಗಾಗಿ ಮುದ್ರಣ ಪರದೆಗಿಂತ ಒಂದು ಮಟ್ಟ ಕಪ್ಪಾಗಿ ಬರುವುದು ಸಹಜ, ನೆರಳಿನ ಭಾಗದ ವಿವರ ಮುಳುಗುತ್ತದೆ. ಉರಿಯುವ ಕಿತ್ತಳೆ, ಮಿಂಚುವ ನೀಲಿ, ಎಳೆ ಹಸಿರು ಶಾಯಿಗೆ ಎಟುಕುವುದೂ ಇಲ್ಲ. ಪರದೆಯ ಪ್ರಕಾಶವನ್ನು ಅರ್ಧಕ್ಕೆ ಇಳಿಸಿ ನೋಡಿದರೆ ಅಂದಾಜು ಸಿಗುತ್ತದೆ. ಅದಕ್ಕಿಂತ ಒಳ್ಳೆಯದು, ಚಿತ್ರದ ಅತಿ ಗಾಢ ಭಾಗ ಮತ್ತು ಮುಖ್ಯ ಬಣ್ಣ ಎರಡೂ ಬರುವಂಥ ಒಂದು ತುಂಡನ್ನು ಅದೇ ಕಾಗದದ ಮೇಲೆ ಎ4 ಅಳತೆಗೆ ಮುದ್ರಿಸಿ ತರಿಸಿ, ತೂಗುವ ಗೋಡೆಯ ಮೇಲೇ ಹಚ್ಚಿ ಹಗಲಲ್ಲೊಮ್ಮೆ ರಾತ್ರಿ ದೀಪದಲ್ಲೊಮ್ಮೆ ನೋಡುವುದು.

ಫ್ರೇಮ್ ಹಾಕಿಸುವಲ್ಲಿ ಹಣ ಉಳಿಸಲು ಹೋಗುವವರು ಚಿತ್ರವನ್ನೇ ಕಳೆದುಕೊಳ್ಳುತ್ತಾರೆ. ಹಳೆಯ ಫ್ರೇಮೊಂದನ್ನು ಬಿಚ್ಚಿ ನೋಡಿ. ಮೌಂಟಿನ ಕಿಟಕಿಯ ಓರೆಯಾಗಿ ಕತ್ತರಿಸಿದ ಅಂಚು ಮೊದಲು ಬಿಳಿಯಿದ್ದದ್ದು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಮೌಂಟ್ ಎತ್ತಿದರೆ ಚಿತ್ರದ ಹಾಳೆಯ ಮೇಲೂ ಅದೇ ಕಿಟಕಿಯ ಆಕಾರದಲ್ಲಿ ಕಂದು ಗೆರೆ ಸುಟ್ಟಂತೆ ಮೂಡಿರುತ್ತದೆ. ಅಗ್ಗದ ತಿರುಳು ರಟ್ಟಿನ ಆಮ್ಲ ಹಾಳೆಗೆ ಇಳಿದ ಗುರುತು ಅದು, ತೊಳೆದರೂ ಪೂರ್ತಿ ಹೋಗದು. ಮೌಂಟ್ ಮತ್ತು ಹಿಂಬದಿಯ ಹಲಗೆ ಎರಡೂ ಆಮ್ಲರಹಿತವಾಗಿರಬೇಕು. ಹಿಂದೆ ಪ್ಯಾಕಿಂಗ್ ರಟ್ಟು ಇಟ್ಟರೆ ಅದರ ಅಲೆಗಳ ಪಟ್ಟೆಯೇ ಚಿತ್ರದ ಮೇಲೆ ಬರುತ್ತದೆ.

ಮೌಂಟ್ ಬರೀ ಅಂದಕ್ಕಲ್ಲ, ಹಾಳೆ ಗಾಜಿಗೆ ತಾಗದಂತೆ ಅಂತರ ಕೊಡುವುದು ಅದರ ಮುಖ್ಯ ಕೆಲಸ. ತಾಗಿದ ಕಡೆ ತೇವ ಕೂತು ಶಾಯಿ ಗಾಜಿಗೆ ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ. ಮೌಂಟಿನ ಬಿಳಿ ಚಿತ್ರದ ಕಾಗದದ ಬಿಳಿಗಿಂತ ಹೆಚ್ಚು ಬೆಳ್ಳಗಿರಬಾರದು, ಇದ್ದರೆ ಕಾಗದ ಕೊಳೆಯಾದಂತೆ ಕಾಣುತ್ತದೆ. ನಕಲು ಪ್ರತಿಯಾದರೆ ಮೌಂಟ್ ಚಿತ್ರದ ಅಂಚಿನ ಮೇಲೆ 3 ಮಿ.ಮೀ. ಬರಲಿ, ಸಹಿ, ಸಂಖ್ಯೆ, ತಗಡಿನ ಗುರುತು ಇರುವ ಮೂಲ ಪ್ರಿಂಟಾದರೆ ಅವೆಲ್ಲ ಕಾಣುವಂತೆ ಸುತ್ತ ಒಂದು ಸೆಂಟಿಮೀಟರಾದರೂ ಬಿಡಿಸಿ.

ಹಾಳೆಯನ್ನು ಹಿಡಿದಿಡುವ ಬಗೆಯಲ್ಲೇ ಹೆಚ್ಚು ಅನಾಹುತ. ಹವೆಯ ತೇವ ಏರಿಳಿದಂತೆ ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ. ನಾಲ್ಕೂ ಬದಿ ಟೇಪು ಹಚ್ಚಿದರೆ ಅದಕ್ಕೆ ಸರಿಯಲು ಜಾಗವಿಲ್ಲದೆ ನಡುವೆ ಅಲೆ ಏಳುತ್ತದೆ. ಸಾಮಾನ್ಯ ಪಾರದರ್ಶಕ ಟೇಪಿನ ಅಂಟಂತೂ ಕಾಗದದೊಳಗೆ ಇಳಿದು ಕಲೆಯಾಗುತ್ತದೆ. ಸರಿಯಾದ ಕ್ರಮ ಇದು: ಉದ್ದ ನಾರಿನ ಜಪಾನೀ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಾಳೆಯ ಹಿಂದೆ, ಮೇಲಂಚಿಗೆ ಮಾತ್ರ ಹಚ್ಚಿ, ಆ ಪಟ್ಟಿಗಳ ಮೇಲೆ ಅಡ್ಡ ಪಟ್ಟಿ ಕೊಟ್ಟು ಹಿಂಬದಿ ಹಲಗೆಗೆ ಕೂರಿಸಬೇಕು. ಹಾಳೆ ಮೇಲಿನಿಂದ ತೂಗುತ್ತಾ ಸ್ವತಂತ್ರವಾಗಿರುತ್ತದೆ, ಬೇಕೆಂದಾಗ ನೀರಿನ ಪಸೆಯಿಂದ ಬಿಡಿಸಬಹುದು. ಬಿಸಿ ಒತ್ತಿ ಹಲಗೆಗೆ ಪೂರ್ತಿ ಅಂಟಿಸುವ ವಿಧಾನದಲ್ಲಿ ಹಾಳೆ ಹಲಗೆಯಂತೆ ನೇರ ನಿಲ್ಲುತ್ತದೆ, ನಿಜ. ಅಗ್ಗದ ಪೋಸ್ಟರಿಗೆ ಅದು ಆದೀತು. ಸಹಿಯಿರುವ ಪ್ರಿಂಟಿಗೆ ಹಾಗೆ ಮಾಡಿಸಿದರೆ ಅದರ ಬೆಲೆ ಅಲ್ಲಿಗೆ ಮುಗಿಯಿತು. ಫ್ರೇಮಿನ ಒಳಗಾಲುವೆಯ ಆಳವನ್ನೂ ಕೇಳಿ: ಗಾಜು 2, ಮೌಂಟ್ 1.5, ಹಿಂಬದಿ 5 ಸೇರಿದರೆ 8.5 ಮಿ.ಮೀ. ಆಗುತ್ತದೆ. 10 ಮಿ.ಮೀ.ಗಿಂತ ಕಡಿಮೆಯಿದ್ದರೆ ಹಿಂದೆ ಪಿನ್ನು ಹೊಡೆಯಲು ಜಾಗ ಉಳಿಯದೆ ಬೆನ್ನು ಉಬ್ಬುತ್ತದೆ.

ಗಾಜು 2 ಮಿ.ಮೀ. ದಪ್ಪದ್ದು ಒಂದು ಚದರ ಮೀಟರಿಗೆ 5 ಕೆ.ಜಿ. ತೂಗುತ್ತದೆ, 70 × 100ರ ಚಿತ್ರಕ್ಕೆ ಗಾಜೇ 3.5 ಕೆ.ಜಿ. ಅಕ್ರಿಲಿಕ್ ಅದರ ಅರ್ಧ, ಬಿದ್ದರೂ ಚೂರಾಗದು. ಮಂಚದ ಮೇಲೆ, ಮಕ್ಕಳ ಕೋಣೆಯಲ್ಲಿ ಅದನ್ನೇ ಹಾಕಿಸಿ. ಆದರೆ ಬೇಗ ಗೀರು ಬೀಳುತ್ತದೆ, ಉಜ್ಜಿದರೆ ವಿದ್ಯುದಾವೇಶ ಏರಿ ಪುಡಿಯನ್ನು ಎಳೆಯುತ್ತದೆ. ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳಿಗೆ ಸಲ್ಲದು. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣ ಅಕ್ರಿಲಿಕ್ಕನ್ನು ಮಬ್ಬು ಮಾಡುತ್ತದೆ. ಪ್ರತಿಫಲನ ತಡೆಯಲು ತರಿ ಮಾಡಿದ ಅಗ್ಗದ ಗಾಜು ಹಾಳೆಗೆ ಅಂಟಿದಂತಿದ್ದರೆ ಮಾತ್ರ ಸ್ಪಷ್ಟ. ಮೌಂಟಿನ ದಪ್ಪದಷ್ಟು ದೂರವಾದರೂ ಗೆರೆಗಳು ಮಸುಕಾಗುತ್ತವೆ. ಲೇಪನ ಕೊಟ್ಟ ಪ್ರತಿಫಲನರಹಿತ ಗಾಜು ದುಬಾರಿ, ಆದರೆ ಕಿಟಕಿಯ ಎದುರು ಗೋಡೆಗೆ ಅದರ ಹೊರತು ದಾರಿಯಿಲ್ಲ. ಚಿತ್ರ ತೂಗುವ ಜಾಗದಲ್ಲಿ ಮೊದಲು ಒಂದು ಕನ್ನಡಿ ಹಿಡಿದು, ನೋಡುವ ಜಾಗದಲ್ಲಿ ಕೂತು ಅದರಲ್ಲಿ ಏನು ಕಾಣುತ್ತದೆಂದು ನೋಡಿಕೊಳ್ಳಿ. ಕಿಟಕಿಯೋ ದೀಪವೋ ಕಂಡರೆ ಗಾಜಿನಲ್ಲೂ ಅದೇ ಕಾಣುತ್ತದೆ.

ಬಿಸಿಲಿಗೆ ಬಿದ್ದ ಪೋಸ್ಟರ್ ಕೆಲವು ವರ್ಷಗಳಲ್ಲಿ ನೀಲಿಯಾಗಿಬಿಡುವುದನ್ನು ಎಲ್ಲರೂ ಕಂಡಿರುತ್ತಾರೆ. ಹಳದಿ ಮತ್ತು ಕೆಂಪು ಶಾಯಿಗಳು ಮೊದಲು ಸಾಯುತ್ತವೆ, ನೀಲಿ-ಕಪ್ಪು ಉಳಿದುಕೊಳ್ಳುತ್ತವೆ. ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು, ಕತ್ತಲಲ್ಲಿಟ್ಟರೆ ಬಣ್ಣ ಮರಳಿ ಬಾರದು. ಸಂಗ್ರಹಾಲಯಗಳಲ್ಲಿ ಕಾಗದದ ಕೃತಿಗಳಿಗೆ 50 ಲಕ್ಸ್ (ಬೆಳಕಿನ ಪ್ರಮಾಣದ ಮಾನ) ಸುಮಾರಿನ ಬೆಳಕು ಕೊಡುತ್ತಾರೆ. ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಬಹುದು. ಅತಿನೇರಳೆ ತಡೆಯುವ ಗಾಜು ಹಾನಿಯನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕೆಡಿಸುತ್ತದೆ. ದೀಪ ಹಾಕಿಸುವುದಾದರೆ ನೆಟ್ಟಗಿನ ರೇಖೆಯಿಂದ 30 ಡಿಗ್ರಿ ಓರೆಯಲ್ಲಿ ಬೀಳಲಿ. ತಾರಸಿ 270 ಸೆಂ.ಮೀ., ಚಿತ್ರದ ನಡುಭಾಗ 145 ಸೆಂ.ಮೀ. ಎತ್ತರದಲ್ಲಿದ್ದರೆ ದೀಪ ಗೋಡೆಯಿಂದ ಸುಮಾರು 72 ಸೆಂ.ಮೀ. ಈಚೆ ಬರಬೇಕು. ಗೋಡೆಗೆ ಇನ್ನೂ ಹತ್ತಿರ ತಂದರೆ ಫ್ರೇಮಿನ ನೆರಳು ಚಿತ್ರದ ಮೇಲೆ ಇಳಿಯುತ್ತದೆ, ದೂರ ಒಯ್ದರೆ ಗಾಜಿನಲ್ಲಿ ದೀಪವೇ ಕಾಣುತ್ತದೆ. ಬಲ್ಬಿನ ಸಿ.ಆರ್.ಐ. (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಂಕ) 90ಕ್ಕಿಂತ ಮೇಲಿರಲಿ.

ತೂಗುವ ಎತ್ತರಕ್ಕೆ ನಿಂತು ನೋಡುವ ಕಡೆ ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ.; ಕೂತೇ ನೋಡುವ ಕೋಣೆಯಲ್ಲಿ ಇನ್ನೂ ಒಂದು ಗೇಣು ಕೆಳಗೆ. ಸೋಫಾದ ಮೇಲಾದರೆ ಈ ನಿಯಮ ಮರೆತು, ಸೋಫಾದ ಬೆನ್ನಿನಿಂದ ಫ್ರೇಮಿನ ಕೆಳಂಚಿಗೆ 15ರಿಂದ 25 ಸೆಂ.ಮೀ. ಬಿಡಿ. ಮೊಳೆಯ ಜಾಗಕ್ಕೆ ಲೆಕ್ಕ ಸುಲಭ: ನಡುಭಾಗದ ಎತ್ತರಕ್ಕೆ ಫ್ರೇಮಿನ ಎತ್ತರದ ಅರ್ಧ ಕೂಡಿಸಿ, ತಂತಿಯನ್ನು ಬಿಗಿಯಾಗಿ ಎತ್ತಿದಾಗ ಫ್ರೇಮಿನ ಮೇಲಂಚಿನಿಂದ ಅದು ಎಷ್ಟು ಕೆಳಗಿರುತ್ತದೋ ಅಷ್ಟು ಕಳೆಯಿರಿ. ಫ್ರೇಮ್ 80 ಸೆಂ.ಮೀ., ತಂತಿ 8 ಸೆಂ.ಮೀ. ಕೆಳಗಿದ್ದರೆ 145 + 40 − 8, ಅಂದರೆ 177. ಒಂದರ ಬದಲು ಎರಡು ಕೊಕ್ಕೆ ಹಾಕಿದರೆ ಚಿತ್ರ ಓರೆಯಾಗುವ ಕಾಟವೇ ಇಲ್ಲ. ಕಾಂಕ್ರೀಟ್ ಅಥವಾ ಇಟ್ಟಿಗೆ ಗೋಡೆಗೆ 6 ಮಿ.ಮೀ. ಡ್ರಿಲ್ಲು, ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂ. ಜಿಪ್ಸಂ ಹಲಗೆಗೆ ಅದರದೇ ಆ್ಯಂಕರ್. ಅಂಟುಪಟ್ಟಿಗಳು ಹೊಳಪು ಬಣ್ಣದ ಗಟ್ಟಿ ಗೋಡೆಯ ಮೇಲೆ ಹಗುರ ಫ್ರೇಮನ್ನು ಹಿಡಿದಾವು. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದಲ್ಲಿ ಅಂಟು ಸೋಲುವುದಿಲ್ಲ, ಬಣ್ಣದ ಪದರವೇ ಕಿತ್ತು ಬರುತ್ತದೆ, ಚಿತ್ರದ ಸಮೇತ. ಹೊರಗೋಡೆಯಾದರೆ ಫ್ರೇಮಿನ ಕೆಳಮೂಲೆಗಳ ಹಿಂದೆ ರಬ್ಬರ್ ಅಥವಾ ಫೆಲ್ಟಿನ ಗುಂಡಿ ಹಚ್ಚಿ. ಹಿಂದೆ ಗಾಳಿಯಾಡದಿದ್ದರೆ ಗೋಡೆಯ ತೇವ ನೇರ ಹಲಗೆಗೆ ಏರುತ್ತದೆ. ಸ್ನಾನದ ಮನೆಗೆ, ಒಲೆಯ ಬಳಿಗೆ ಕಾಗದ ಒಯ್ಯಬೇಡಿ.

ಸುರುಳಿ ಸುತ್ತಿ ಬಂದ ಹಾಳೆಯನ್ನು ಉಲ್ಟಾ ಸುತ್ತಿ ನೇರ ಮಾಡಲು ಹೋಗಬಾರದು, ಶಾಯಿ ಬಿರಿಯುತ್ತದೆ. ಶುದ್ಧ ಮೇಜಿನ ಮೇಲೆ ಮುಖ ಮೇಲಾಗಿ ಹರಡಿ, ಮೇಲೆ ಬಿಳಿ ಕಾಗದ ಹೊದಿಸಿ, ಸಮನಾಗಿ ಪುಸ್ತಕಗಳನ್ನು ಹೇರಿ ಒಂದೆರಡು ದಿನ ಬಿಡಬೇಕು. ಎತ್ತುವಾಗ ತೊಳೆದು ಒಣಗಿದ ಎರಡೂ ಕೈಗಳಿಂದ ಎದುರುಬದುರಿನ ಮೂಲೆ ಹಿಡಿಯಿರಿ. ಒಂದೇ ಕೈಯ ಹೆಬ್ಬೆರಳಿನಿಂದ ಚಿವುಟಿ ಎತ್ತಿದರೆ ಉಗುರಿನಾಕಾರದ ಅರ್ಧಚಂದ್ರ ಮಡಿಕೆ ಬೀಳುತ್ತದೆ. ಆಗ ಕಾಣದಿದ್ದರೂ ಫ್ರೇಮಿನಲ್ಲಿ ಓರೆ ಬೆಳಕು ಬಿದ್ದ ದಿನ ಎದ್ದು ಕಾಣುತ್ತದೆ, ಮತ್ತೆ ಸರಿಯಾಗುವುದಿಲ್ಲ. ಗೋಡೆಗೆ ಸದ್ಯ ಏರದ ಪ್ರಿಂಟುಗಳನ್ನು ಆಮ್ಲರಹಿತ ಫೋಲ್ಡರಿನಲ್ಲಿ, ನಡುನಡುವೆ ನುಣುಪು ಗ್ಲಾಸೀನ್ ಕಾಗದ ಹಾಕಿ, ಮಲಗಿಸಿಯೇ ಇಡಿ. ವರ್ಷಕ್ಕೊಮ್ಮೆ ಗೋಡೆಯದನ್ನು ಒಳಗಿಟ್ಟು ಒಳಗಿನದನ್ನು ಗೋಡೆಗೇರಿಸಿದರೆ ಎರಡಕ್ಕೂ ಬೀಳುವ ಬೆಳಕು ಅರ್ಧವಾಗುತ್ತದೆ. ಇದಕ್ಕೆ ಎರಡೂ ಒಂದೇ ಹೊರ ಅಳತೆಯ ಮೌಂಟಿನಲ್ಲಿದ್ದರೆ ಅನುಕೂಲ: ಫ್ರೇಮ್ ಒಂದೇ ಸಾಕು, ಗೋಡೆಯ ಕೊಕ್ಕೆಯನ್ನೂ ಮುಟ್ಟಬೇಕಾಗಿಲ್ಲ.